ಚರ್ಚ್ ಅಂಗಳದಲ್ಲಿ ಹಸಿಕಸದ ಗೊಬ್ಬರ: ಮೊದಲ ಮಳೆಗಾಲ ದಾಟುವ ಹಾಗೆ ಶುರು ಮಾಡುವ ಕ್ರಮ

ಮುಂಬೈಯ ಚರ್ಚ್ ಅಂಗಳಗಳಲ್ಲಿ ಗೊಬ್ಬರದ ಗುಂಡಿ ತೆರೆಯಲು ಜನ ಆರಿಸಿಕೊಳ್ಳುವುದು ಎರಡು ಮುಹೂರ್ತ. ಒಂದು, ಮೇ ಕೊನೆಯ ಲೌದಾತೊ ಸಿ ಸಪ್ತಾಹ, ಪೋಪ್ ಫ್ರಾನ್ಸಿಸ್ ಪರಿಸರದ ಬಗ್ಗೆ ಬರೆದ ಪತ್ರದ ಹೆಸರಿನದು. ಇನ್ನೊಂದು, ಜೂನ್ 5ರ ಪರಿಸರ ದಿನ. ಫಾದರ್ ಆಶೀರ್ವದಿಸುತ್ತಾರೆ, ಯುವಕ ಸಂಘದವರು ಫೋಟೊ ತೆಗೆಯುತ್ತಾರೆ. ಮುಂಬೈಗೆ ಮಳೆ ಕಾಲಿಡುವ ವಾಡಿಕೆಯ ದಿನ ಜೂನ್ 11. ಜುಲೈಯಲ್ಲಿ ಗುಂಡಿ ನಾರುತ್ತದೆ, ಆಗಸ್ಟ್‌ನಲ್ಲಿ ಹುಳ ಬಿದ್ದಿದೆ ಎಂದು ಪಕ್ಕದ ವಸತಿ ಸೊಸೈಟಿಯಿಂದ ಪತ್ರ ಬರುತ್ತದೆ, ಸೆಪ್ಟೆಂಬರ್ ಹೊತ್ತಿಗೆ ಮಣ್ಣೆಳೆದು ಮುಚ್ಚುತ್ತಾರೆ. ಮರುವರ್ಷ ಹೊಸ ಸಮಿತಿ ಬಂದು ಯಂತ್ರ ಕೊಳ್ಳುವ ಮಾತೆತ್ತುತ್ತದೆ.

ಹೀಗೆ ಸೋತ ಕಡೆಗಳಲ್ಲಿ ತಪ್ಪಿರುವುದು ಕೆಲಸದ ಕ್ರಮ. ಗುಂಡಿ ಮೊದಲು ತೋಡುತ್ತಾರೆ, ಒಣ ಎಲೆ ಆಮೇಲೆ ಹುಡುಕುತ್ತಾರೆ, ಕಸ ಹೊರುವವರ ಮಾತು ಕೇಳುವುದು ಕೊನೆಗೆ, ಅದೂ ಕೇಳಿದರೆ. ಈ ಕ್ರಮವನ್ನು ಪೂರ್ತಿ ತಿರುವಿಹಾಕಿ. ಮಾತು ಮತ್ತು ತೂಕ ಅಕ್ಟೋಬರ್‌–ನವೆಂಬರ್‌ನಲ್ಲಿ, ಒಣ ಎಲೆ ಮತ್ತು ಗೂಡು (ಗುಂಡಿಯ ಬದಲು ನೆಲದ ಮೇಲೆ ಕಟ್ಟುವ ಇಟ್ಟಿಗೆಯ ತೊಟ್ಟಿ) ಜನವರಿಯಲ್ಲಿ, ಮೊದಲ ಬುಟ್ಟಿ ಹಸಿಕಸ ಬೂದಿ ಬುಧವಾರದ ಸುಮಾರಿಗೆ, ಅಂದರೆ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಶುರುವಾಗುವ ಫೆಬ್ರವರಿ–ಮಾರ್ಚ್‌ನಲ್ಲಿ. ಆಗ ಮರಗಳು ಎಲೆ ಉದುರಿಸುತ್ತಿರುತ್ತವೆ. ತಪಸ್ಸುಕಾಲದಲ್ಲಿ ಮದುವೆಗಳಿಲ್ಲದೆ ಹಾಲ್ ಖಾಲಿ ಇರುವುದರಿಂದ ಕಸವೂ ಕಡಿಮೆ. ಮಳೆ ಬರುವ ಮುನ್ನ ಕೈ ಪಳಗಲು ಮೂರು–ನಾಲ್ಕು ತಿಂಗಳು ಸಿಗುತ್ತದೆ.

ಇಲ್ಲಿರುವ ಲೆಕ್ಕ ದಿನಕ್ಕೆ 10 ಕೆಜಿ ಹಸಿಕಸ ಬರುವ ಧರ್ಮಕೇಂದ್ರಕ್ಕೆ (ಪ್ಯಾರಿಷ್): ಗುರುಮನೆಯ, ಅಂದರೆ ಫಾದರ್ ಇರುವ ಮನೆಯ ಅಡುಗೆ, ಭಾನುವಾರದ ಕ್ಯಾಂಟೀನ್, ಬಲಿಪೀಠದ ಹೂ, ತೋಟದ ಹಸಿರು. ಮನೆಮನೆಯ ಕಸವನ್ನು ಮೊದಲ ವರ್ಷ ಒಳಗೆ ಬಿಟ್ಟುಕೊಳ್ಳಬೇಡಿ, ಯಾರು ಎಷ್ಟೇ ಉತ್ಸಾಹ ತೋರಿಸಲಿ.

## ಹಂತ 1: ಕಸ ಹೊರುವವರೊಡನೆ ಮಾತು

2015ರಲ್ಲಿ ಪೋಪ್ ಫ್ರಾನ್ಸಿಸ್ ಹೊರಡಿಸಿದ ಲೌದಾತೊ ಸಿ ವಿಶ್ವಪತ್ರದ (ಪೋಪ್ ಇಡೀ ಧರ್ಮಸಭೆಗೆ ಬರೆಯುವ ಪತ್ರ) 49ನೇ ಪರಿಚ್ಛೇದ ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಒಟ್ಟಿಗೇ ಕೇಳಿಸಿಕೊಳ್ಳಬೇಕು ಎನ್ನುತ್ತದೆ. ಪರಿಸರದ್ದೊಂದು, ಸಮಾಜದ್ದೊಂದು ಎಂದು ಎರಡು ಬಿಕ್ಕಟ್ಟುಗಳಿಲ್ಲ, ಇರುವುದು ಒಂದೇ ಎಂಬ ಮಾತು 139ರಲ್ಲಿದೆ. ಮುಂಬೈಯಲ್ಲಿ ಇದರ ಅರ್ಥ ತಿಳಿಯಲು ದೇವನಾರ್ ಸಾಕು. 1927ರಿಂದ ನಗರದ ಕಸ ಬೀಳುತ್ತಿರುವ ಜಾಗ ಅದು. 2016ರ ಜನವರಿಯಲ್ಲಿ ಅಲ್ಲಿ ಬೆಂಕಿ ಬಿದ್ದಾಗ ಹೊಗೆಯನ್ನು ಎಲ್ಲರಿಗಿಂತ ಹತ್ತಿರದಿಂದ ಉಸಿರಾಡಿದವರು ಗೋವಂಡಿಯ ಕೊಳೆಗೇರಿಗಳ ಜನ. ನಮ್ಮ ಅಂಗಳದ ಗುಂಡಿಯೂ ಇದೇ ಪಾಠದ ಸಣ್ಣ ರೂಪ: ವಾಸನೆ ಎದ್ದರೆ ಮೊದಲು ತಟ್ಟುವುದು ಗುಡಿಸುವವರಿಗೆ.

ಆದ್ದರಿಂದ ಸಮಿತಿಯ ಮೊದಲ ಸಭೆಗೂ ಮುನ್ನ ಅಂಗಳ ಗುಡಿಸುವವರು, ಗುರುಮನೆಯ ಅಡುಗೆಯವರು, ಸಕ್ರಿಸ್ತಿ (ಪೂಜಾ ಸಾಮಾನಿನ ಕೋಣೆ) ನೋಡಿಕೊಳ್ಳುವವರು, ಈ ಮೂವರೊಡನೆ ಬೇರೆಬೇರೆಯಾಗಿ ಕೂತು ಮಾತಾಡಿ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಬಂದವರಾದರೆ ಕನ್ನಡದಲ್ಲೇ ಕೇಳಿ. ಹಿಂದಿಯಲ್ಲಿ ‘ಹೋ ಜಾಯೇಗಾ’ ಎಂದು ಮುಗಿಸುವ ಮಾತು ಕನ್ನಡದಲ್ಲಿ ಪೂರ್ತಿ ಹೊರಬರುತ್ತದೆ. ಕೇಳಬೇಕಾದ್ದು ಇಷ್ಟು: ಕಸ ಎಷ್ಟು ಹೊತ್ತಿಗೆ, ಎಲ್ಲಿಂದ ಎಲ್ಲಿಗೆ ಹೋಗುತ್ತದೆ? ಕೈ ಕೊಯ್ಯುವುದು ಯಾವುದರಿಂದ? ತೊಳೆದುಕೊಳ್ಳಲು ನಲ್ಲಿ ಎಲ್ಲಿದೆ? ಬಾಟಲಿ–ರಟ್ಟು ಮಾರಿದ ದುಡ್ಡು ಯಾರಿಗೆ ಹೋಗುತ್ತದೆ?

ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಒಣಕಸದ ದುಡ್ಡು ಹಲವು ಕಡೆ ಗುಡಿಸುವವರ ಕೈಖರ್ಚು. ‘ಹಸಿರು ನಿಧಿ’ ಎಂದು ಅದನ್ನು ಸಮಿತಿ ಎತ್ತಿಕೊಂಡರೆ ಮರುವಾರದಿಂದ ಬೇರ್ಪಡಿಸುವ ಕೆಲಸ ನಿಲ್ಲುತ್ತದೆ, ನಿಲ್ಲಬೇಕಾದ್ದೂ ನ್ಯಾಯವೇ. ಅದು ಅವರದೇ ಎಂದು ಬರೆದಿಡಿ. ಗೊಬ್ಬರದ ಕೆಲಸ ದಿನಕ್ಕೆ ಅರ್ಧ ತಾಸು, ಎಲೆ–ಕಸ ಮೇಲೆ ಕೆಳಗೆ ಮಾಡುವ ದಿನ ಒಂದೂವರೆ ತಾಸು ಹಿಡಿಯುತ್ತದೆ. ಅಷ್ಟಕ್ಕೆ ಸಂಬಳ ಹೆಚ್ಚಬೇಕು. ನ್ಯಾಯವಾದ ಕೂಲಿಯ ಮಾತು ಧರ್ಮಸಭೆಯ ಸಾಮಾಜಿಕ ಬೋಧನೆಯಲ್ಲಿ 1891ರ ವಿಶ್ವಪತ್ರ ರೇರುಮ್ ನೊವಾರುಮ್‌ನಿಂದಲೇ ಇದೆ, ಪರಿಸರದ ಮಾತು ಬಂದದ್ದು ಬಹಳ ಆಮೇಲೆ. ಗುತ್ತಿಗೆದಾರನ ಮೂಲಕ ಬಂದ ಕೆಲಸಗಾರರಾದರೆ ಹೆಚ್ಚಿಸಿದ ಹಣ ಅವರ ಕೈ ಸೇರುತ್ತಿದೆಯೇ ಎಂದು ತಿಂಗಳಿಗೊಮ್ಮೆ ಅವರನ್ನೇ ಕೇಳಿ.

ಒಬ್ಬೊಬ್ಬರಿಗೆ ಬೇಕಾದ ಸಾಮಾನು: ರಬ್ಬರ್ ಕೈಗವಸು ಎರಡು ಜೊತೆ, ಗಮ್‌ಬೂಟು, ಜರಡಿ ಹಿಡಿಯುವಾಗ ಎನ್95 ಮಾಸ್ಕ್, ಸೋಪು, ಧನುರ್ವಾಯು ಚುಚ್ಚುಮದ್ದು. ಮಳೆಗಾಲದಲ್ಲಿ ಕಾಲಿಗೆ ಗಾಯವಿರುವವರು ಈ ಕೆಲಸಕ್ಕೆ ಇಳಿಯಬಾರದು. ಇಲಿ ಓಡಾಡಿದ ನೀರಿನಿಂದ ಇಲಿಜ್ವರ ಬರುವುದು ಮುಂಬೈಯಲ್ಲಿ ಪ್ರತಿ ವರ್ಷದ ಕಥೆ.

ಅಪಾಯದ ಸೂಚನೆ: ಸಭೆಯಲ್ಲಿ ಯಾರಾದರೂ ‘ನಮ್ಮ ಹುಡುಗರು ಸೇವೆಯಾಗಿ ಮಾಡುತ್ತಾರೆ’ ಎಂದರೆ ಅಲ್ಲಿಗೆ ನಿಲ್ಲಿಸಿ. ಹುಡುಗರು ಪರೀಕ್ಷೆ ಬರುವ ತನಕ ಮಾಡುತ್ತಾರೆ. ಆಮೇಲೆ ಆ ಕೆಲಸ ಗುಡಿಸುವವರ ಹೆಗಲಿಗೆ ಪುಕ್ಕಟೆಯಾಗಿ ಬೀಳುತ್ತದೆ.

## ಹಂತ 2: ಎಂಟು ದಿನದ ತೂಕ

ಬೇಕಾದ್ದು: 50 ಕೆಜಿ ತೂಗುವ ಕೊಕ್ಕೆಯ ಡಿಜಿಟಲ್ ತಕ್ಕಡಿ, 20 ಲೀಟರಿನ ಮೂರು ಬಕೆಟ್, ಎರಡು ಮೀಟರ್ ಚೌಕದ ತಾಡಪತ್ರಿ, ಒಂದು ನೋಟ್‌ಬುಕ್. ಭಾನುವಾರದಿಂದ ಮುಂದಿನ ಭಾನುವಾರದವರೆಗೆ ತೂಗಿ. ಎರಡು ಭಾನುವಾರ ಬರಬೇಕು, ಏಕೆಂದರೆ ವಾರದ ಕಸದ ದೊಡ್ಡ ಪಾಲು ಆ ದಿನದ್ದೇ. ಹಸಿ, ಒಣ, ಉಳಿದದ್ದು (ಡೈಪರ್, ಪ್ಯಾಡ್, ಗಾಜಿನ ಚೂರು) ಎಂದು ಮೂರು ಕಾಲಮ್. ಮೀನು–ಮಾಂಸದ ತ್ಯಾಜ್ಯವನ್ನು ಹಸಿಯೊಳಗೇ ಬೇರೆ ತೂಗಿ. ಅದು ಗೂಡಿಗೆ ಹೋಗುವುದಿಲ್ಲ.

ಹಸಿಕಸದ ಕೆಜಿಯನ್ನು ಎರಡರಿಂದ ಗುಣಿಸಿದರೆ ಲೀಟರಿನ ಅಂದಾಜು ಸಿಗುತ್ತದೆ: 10 ಕೆಜಿ ಎಂದರೆ ಹತ್ತಿರಹತ್ತಿರ 20 ಲೀಟರ್. ಮುಂದಿನ ಎಲ್ಲ ಅಳತೆಗೂ ಈ ಲೀಟರೇ ಆಧಾರ.

ಇಲ್ಲಿ ಆಗುವ ತಪ್ಪು ತೂಗುವ ವಾರದ್ದು. ತಪಸ್ಸುಕಾಲದಲ್ಲಿ ತೂಗಿದರೆ ಹಾಲ್‌ನ ಕಸ ಲೆಕ್ಕಕ್ಕೇ ಬರುವುದಿಲ್ಲ. ಪೋಷಕ ಸಂತರ ಹಬ್ಬದ ವಾರ ತೂಗಿದರೆ ಮೂರು ಪಟ್ಟು ದೊಡ್ಡ ಗೂಡು ಕಟ್ಟಿ ಅರ್ಧವೂ ತುಂಬದೆ ಕೂರುತ್ತೀರಿ. ನವೆಂಬರ್ ಎರಡನೆಯ ಅಥವಾ ಮೂರನೆಯ ವಾರ ತಕ್ಕದ್ದು.

ಶಾಲೆ, ಹಾಸ್ಟೆಲ್, ಹಾಲ್ ಎಲ್ಲ ಸೇರಿದ ದೊಡ್ಡ ಆವರಣದಲ್ಲಿ ದಿನದ ಒಟ್ಟು ಕಸ 100 ಕೆಜಿ ದಾಟಿದರೆ ಅದು ದೊಡ್ಡ ಪ್ರಮಾಣದ ಕಸ ಉತ್ಪಾದಕರ ಲೆಕ್ಕಕ್ಕೆ ಬರುತ್ತದೆ. 2016ರ ಘನತ್ಯಾಜ್ಯ ನಿಯಮಗಳು ಪೂಜಾಸ್ಥಳಗಳನ್ನೂ ಹೆಸರಿಸಿಯೇ ಸೇರಿಸಿದ್ದವು. ಅಂಥ ಆವರಣದವರು ವಾರ್ಡ್ ಕಚೇರಿಯಲ್ಲಿ ಈಗಿನ ನಿಯಮ ಕೇಳಿಕೊಂಡು ಮುಂದುವರಿಯಿರಿ. ಈ ಮಾರ್ಗದರ್ಶಿಯ ಮೂರು ಗೂಡು ಅದಕ್ಕೆ ಸಾಲದು.

## ಹಂತ 3: ಯಾರು ಏನು ತೀರ್ಮಾನಿಸಬೇಕು

ಕೆಳಗಿನ ಹಂತದವರು ಮಾಡಬಲ್ಲದ್ದನ್ನು ಮೇಲಿನವರು ಕಿತ್ತುಕೊಳ್ಳಬಾರದು ಎಂಬುದು 1931ರ ಕ್ವಾದ್ರಜೆಸಿಮೊ ಆನ್ನೊ ವಿಶ್ವಪತ್ರ ಸ್ಪಷ್ಟವಾಗಿ ಹೇಳಿದ ತತ್ವ. ಇದನ್ನು ಕಸಕ್ಕೆ ಹೀಗೆ ಅನ್ವಯಿಸಿ: ಬಕೆಟ್ ಎಲ್ಲಿಡಬೇಕು, ಎಷ್ಟು ಹೊತ್ತಿಗೆ ತುಂಬಬೇಕು ಎಂಬುದನ್ನು ಆ ಕೆಲಸ ಮಾಡುವವರು ಹೇಳಲಿ. ಎಲೆ ಒಟ್ಟುಮಾಡುವ ಸರದಿಯನ್ನು ಎಸ್‌ಸಿಸಿಗಳು, ಅಂದರೆ ಸ್ಮಾಲ್ ಕ್ರಿಶ್ಚಿಯನ್ ಕಮ್ಯುನಿಟಿಗಳು, ನಮ್ಮ ಊರುಗಳ ವಾಳೆಗಳಂಥ ನೆರೆಹೊರೆಯ ಕಿರು ಸಮುದಾಯಗಳು, ತಾವೇ ಹಂಚಿಕೊಳ್ಳಲಿ. ಜಾಗ ಮತ್ತು ಹಣ ಮಾತ್ರ ಮೇಲೆ ಹೋಗಲಿ.

ಕಿರು ಸಮುದಾಯದ ಸಭೆಗೆ ‘ನೋಡು, ತೂಗು, ಮಾಡು’ ಎಂಬ ಹಳೆಯ ಪದ್ಧತಿ ಸಾಕು. 1961ರ ವಿಶ್ವಪತ್ರ ಮಾತೆರ್ ಎತ್ ಮಜಿಸ್ತ್ರಾ ಅದನ್ನೇ ಶಿಫಾರಸು ಮಾಡಿತ್ತು. ನೋಡುವುದಕ್ಕೆ ಎಂಟು ದಿನದ ತೂಕದ ಹಾಳೆ, ತೂಗಿ ನೋಡುವುದಕ್ಕೆ ಶುಭಸಂದೇಶದ ಒಂದು ವಾಚನ ಮತ್ತು ಲೌದಾತೊ ಸಿಯ 211ನೇ ಪರಿಚ್ಛೇದ (ಕಸ ಬೇರ್ಪಡಿಸುವುದು, ಬೇಕಾದಷ್ಟೇ ಬೇಯಿಸುವುದು ಅದರಲ್ಲೇ ಇದೆ), ಮಾಡುವುದಕ್ಕೆ ಒಂದೇ ಒಂದು ಕೆಲಸ, ಹೆಸರು ಮತ್ತು ತಾರೀಖಿನೊಡನೆ. ನಲವತ್ತು ನಿಮಿಷದಲ್ಲಿ ಮುಗಿಯಬೇಕು. ಪರಿಸರದ ಉಪನ್ಯಾಸ ಶುರುವಾದರೆ ಮೂರನೆಯ ಭಾಗಕ್ಕೆ ಸಮಯ ಉಳಿಯುವುದಿಲ್ಲ.

ಇನ್ನು ಕಾಗದ. ಧರ್ಮಕೇಂದ್ರದ ಪಾಲನಾ ಪರಿಷತ್ತು ಸಲಹೆ ಕೊಡುವ ಮಂಡಳಿ (ಧರ್ಮಸಭೆಯ ಕಾನೂನು ಸಂಹಿತೆಯ 536ನೇ ವಿಧಿ). ಹಣಕಾಸು ಸಮಿತಿ ಪ್ರತಿ ಧರ್ಮಕೇಂದ್ರದಲ್ಲೂ ಇರಲೇಬೇಕು (537). ಎರಡರ ನಡಾವಳಿಯಲ್ಲೂ ಠರಾವು ಬರೆಸಿ: ಜಾಗದ ಗುರುತು, ಕೆಲಸಗಾರರ ಹೆಚ್ಚುವರಿ ಸಂಬಳ, ವರ್ಷದ ಬಜೆಟ್‌ನಲ್ಲಿ ಪ್ರತ್ಯೇಕ ಸಾಲು, ಜವಾಬ್ದಾರಿ ಹೊತ್ತ ಇಬ್ಬರ ಹೆಸರು. ಫಾದರ್ ಬಾಯಿಮಾತಿನಲ್ಲಿ ಒಪ್ಪಿದ್ದು ಫಾದರ್ ವರ್ಗವಾದ ದಿನಕ್ಕೆ ಮುಗಿಯುತ್ತದೆ. ಹೊಸಬರು ಬಂದು ಆ ಜಾಗದಲ್ಲಿ ಪಾರ್ಕಿಂಗ್ ಮಾಡಿದರೆ ತಪ್ಪು ಅವರದಲ್ಲ.

## ಹಂತ 4: ಒಣ ಎಲೆಯ ದಾಸ್ತಾನು

ಇಡೀ ಕೆಲಸದ ಅಡಿಗಲ್ಲು ಇದು. ಹಸಿಕಸದಲ್ಲಿ ನೀರು, ಸಾರಜನಕ ಹೆಚ್ಚು. ಒಣ ಎಲೆಯಲ್ಲಿ ಇಂಗಾಲ ಹೆಚ್ಚು. ಸೂಕ್ಷ್ಮಜೀವಿಗಳಿಗೆ ಸಾರಜನಕದ ಒಂದು ಪಾಲಿಗೆ ಇಂಗಾಲದ 25ರಿಂದ 30 ಪಾಲು ಬೇಕು. ಅಳೆಯುವ ಉಪಕರಣ ಬೇಡ: ಒಂದು ಬಕೆಟ್ ಹಸಿಕಸಕ್ಕೆ ಪುಡಿ ಮಾಡಿದ ಒಣ ಎಲೆ ಒಂದು ಬಕೆಟ್, ಮಳೆಗಾಲದಲ್ಲಿ ಒಂದೂಕಾಲು. ಎಲೆ ಇಂಗಾಲವನ್ನಷ್ಟೇ ಕೊಡುವುದಿಲ್ಲ, ನೀರು ಹೀರಿ ಗಾಳಿಗೆ ಸಂದು ಬಿಡುತ್ತದೆ. ಎಲೆಯಿಲ್ಲದ ಗೂಡು ಎರಡೇ ದಿನಕ್ಕೆ ಕೊಳೆಯುವ ಮುದ್ದೆ.

ಮಳೆಗಾಲದಲ್ಲಿ ಒಣ ಎಲೆ ಎಲ್ಲೂ ಸಿಗುವುದಿಲ್ಲ ಎಂಬುದು ಜುಲೈ ತನಕ ಯಾರ ನೆನಪಿಗೂ ಬರುವುದಿಲ್ಲ. ಲೆಕ್ಕ ಹಾಕಿ. ಜೂನ್ 11ರಿಂದ ಮಳೆ ಹಿಂದೆಗೆಯುವ ಅಕ್ಟೋಬರ್ 8ರ ತನಕ 120 ದಿನ. ದಿನಕ್ಕೆ 20 ಲೀಟರ್ ಹಸಿಕಸಕ್ಕೆ ಒಂದೂಕಾಲು ಪಟ್ಟು ಎಂದರೆ 25 ಲೀಟರ್ ಎಲೆ. 120 ದಿನಕ್ಕೆ 3,000 ಲೀಟರ್. 50 ಕೆಜಿ ಅಕ್ಕಿಯ ಚೀಲದಲ್ಲಿ ತುಳಿದು ತುಂಬಿದರೆ ಸುಮಾರು 80 ಲೀಟರ್ ಹಿಡಿಯುತ್ತದೆ. ಅಂದರೆ 38 ಚೀಲ, 40 ಇಟ್ಟುಕೊಳ್ಳಿ. ಮೇ 31ಕ್ಕೆ ಎಣಿಸಿದಾಗ 40 ಚೀಲ ಇಲ್ಲದಿದ್ದರೆ ಮಳೆಗಾಲದಲ್ಲಿ ಗೂಡಿಗೆ ಹಾಕುವ ಹಸಿಕಸವನ್ನು ಅದೇ ಪ್ರಮಾಣದಲ್ಲಿ ಕಡಿಮೆ ಮಾಡಿ, ಉಳಿದದ್ದನ್ನು ಪಾಲಿಕೆಯ ಗಾಡಿಗೆ ಕೊಡಿ. ಅದರಲ್ಲಿ ನಾಚಿಕೆಯೇನೂ ಇಲ್ಲ.

ಸಂಗ್ರಹ ಜನವರಿಯಿಂದ ಏಪ್ರಿಲ್‌ವರೆಗೆ. ಮಳೆಮರದ ಸಣ್ಣ ಎಲೆ ಎಲ್ಲಕ್ಕಿಂತ ಉತ್ತಮ, ಪುಡಿ ಮಾಡುವ ಕಷ್ಟವೇ ಇಲ್ಲ. ಅರಳಿ, ಕಾಡುಬಾದಾಮಿ ಚೆನ್ನಾಗಿಯೇ ಇವೆ, ತುಳಿದು ಮುರಿಯಬೇಕು. ಮಾವು, ಹಲಸು, ಕಂಬದಂತೆ ನೆಟ್ಟಗೆ ಬೆಳೆಯುವ ಅಶೋಕ ಇವುಗಳ ಎಲೆಗೆ ಮೇಣದ ಪದರ ಇರುವುದರಿಂದ ಕೊಳೆಯಲು ತಡ. ಒಟ್ಟು ಎಲೆಯ ಕಾಲುಭಾಗ ಮೀರದಂತೆ ನೋಡಿ. ತೆಂಗಿನ ಗರಿ ಬೇಡ. ಸಿಮೆಂಟ್ ನೆಲದಲ್ಲಿ ಹರಡಿ, ಎರಡು ದಿನ ಬಿಸಿಲು ಕಾಣಿಸಿ, ಬೂಟುಕಾಲಿನಲ್ಲಿ ತುಳಿದರೆ ಮೂರು ಚೀಲದ ಎಲೆ ಒಂದು ಚೀಲಕ್ಕೆ ಇಳಿಯುತ್ತದೆ. ಧರ್ಮೋಪದೇಶದ ತರಗತಿಯ ಮಕ್ಕಳಿಗೆ ಇದಕ್ಕಿಂತ ಇಷ್ಟವಾಗುವ ಕೆಲಸ ಸಿಗಲಾರದು.

ಚೀಲಗಳನ್ನು ಮರದ ಹಲಗೆಯ ಮೇಲೆ, ನೆಲದಿಂದ ಒಂದು ಗೇಣು ಎತ್ತರದಲ್ಲಿ, ಸೂರಿನಡಿ ಇಡಿ. ಮೇಣದ ಬತ್ತಿ ಹಚ್ಚುವ ಗವಿ (ಮಾತೆಯ ಪ್ರತಿಮೆಯ ಗ್ರೊಟ್ಟೊ), ಜನರೇಟರ್, ಪಟಾಕಿ ಹೊಡೆಯುವ ಅಂಗಳ, ಇವುಗಳಿಂದ ದೂರ. ನಲವತ್ತು ಚೀಲ ಒಣ ಎಲೆಗೆ ಕಿಡಿ ತಾಗಿದರೆ ಬಕೆಟ್ ನೀರು ಸಾಲದು.

ಕೊರತೆ ಬಿದ್ದರೆ ಬದಲಿಗಳಿವೆ. ತೆಂಗಿನ ನಾರಿನ ಪುಡಿಯ 5 ಕೆಜಿ ಇಟ್ಟಿಗೆ ನೆನೆದಾಗ ಸುಮಾರು 70 ಲೀಟರ್ ಆಗುತ್ತದೆ. ಮಳೆಗಾಲದಲ್ಲಿ ನೆನೆಸದೆ ಒಣಗಿದ್ದಂತೆಯೇ ಪುಡಿ ಮಾಡಿ ಹಾಕಿ. ಮೊಟ್ಟೆಯ ಟ್ರೇ, ಬಣ್ಣವಿಲ್ಲದ ರಟ್ಟು ಹರಿದು ಹಾಕಬಹುದು. ಬಡಗಿಯ ಅಂಗಡಿಯ ಹೊಟ್ಟು ತರುವಾಗ ಅಲ್ಲಿ ಪ್ಲೈವುಡ್ ಕೊಯ್ಯುತ್ತಾರೆಯೇ ನೋಡಿ. ಅಂಟಿನ ರಾಸಾಯನಿಕ ಇರುವ ಹೊಟ್ಟು ಬೇಡವೇ ಬೇಡ.

## ಹಂತ 5: ಮೂರು ಗೂಡು

ಗುಂಡಿ ತೋಡಬೇಡಿ. ಮುಂಬೈಯ ನೆಲದಲ್ಲಿ ಆಗಸ್ಟ್‌ನ ಗುಂಡಿ ಎಂದರೆ ಬಾವಿ. ನೆಲದ ಮೇಲೆ ಇಟ್ಟಿಗೆಯ ಮೂರು ಗೂಡು ಕಟ್ಟಿ: ಒಂದು ತುಂಬುವುದಕ್ಕೆ, ಒಂದು ಬೇಯುವುದಕ್ಕೆ, ಒಂದು ಹಣ್ಣಾಗುವುದಕ್ಕೆ. ಒಳಗಿನ ಅಳತೆ ಪ್ರತಿಯೊಂದಕ್ಕೂ ಒಂದು ಮೀಟರ್ ಉದ್ದ, ಅಗಲ, ಎತ್ತರ. ದಿನಕ್ಕೆ ಕಸ–ಎಲೆ ಸೇರಿ 40 ಲೀಟರ್ ಬಿದ್ದರೆ 1,000 ಲೀಟರಿನ ಗೂಡು ಲೆಕ್ಕದಲ್ಲಿ 25 ದಿನಕ್ಕೆ ತುಂಬಬೇಕು. ರಾಶಿ ಕುಗ್ಗುತ್ತಾ ಹೋಗುವುದರಿಂದ 40 ದಿನದ ಹತ್ತಿರ ಬರುತ್ತದೆ.

ಗೋಡೆಯಲ್ಲಿ ಇಟ್ಟಿಗೆ–ಇಟ್ಟಿಗೆ ನಡುವೆ ಎರಡು ಬೆರಳಿನಷ್ಟು ಸಂದು ಬಿಟ್ಟು ಜಾಲಂಧ್ರದಂತೆ ಕಟ್ಟಿಸಿ, ಪ್ರತಿ ನಾಲ್ಕನೆಯ ವರಸೆ ಮಾತ್ರ ಪೂರ್ತಿ. ಸಂದುಗಳಿಗೆ ಹೊರಗಿನಿಂದ ಕಾಲಿಂಚಿನ ಕಣ್ಣಿನ ತಂತಿಜಾಲ. ಅದಕ್ಕಿಂತ ದೊಡ್ಡ ಕಣ್ಣಾದರೆ ಇಲಿಮರಿ ತೂರುತ್ತದೆ. ಅದೇ ಜಾಲ ತಳದಲ್ಲೂ ಇರಲಿ. ಮುಂಭಾಗಕ್ಕೆ ಗೋಡೆ ಬೇಡ, ಎತ್ತಿ ತೆಗೆಯುವ ಹಲಗೆಗಳು ಸಾಕು. ಗೋಡೆ ಕಟ್ಟಿದರೆ ಗೊಬ್ಬರ ತಿರುವಲು ಸಲಿಕೆ ಆಡುವುದಿಲ್ಲ, ತಿರುವುವುದೇ ನಿಂತುಹೋಗುತ್ತದೆ. ನೆಲಕ್ಕೆ ಕಾಂಕ್ರೀಟ್, ಮುಂದಕ್ಕೆ ಸಣ್ಣ ಇಳಿಜಾರು, ತುದಿಯಲ್ಲಿ ಸೋರುವ ನೀರಿಗೆ ಬಕೆಟ್ ಕೂರುವ ಕುಳಿ. ಸೂರು ಗೋಡೆಯಿಂದ ಎರಡಡಿ ಹೊರಗೆ ಚಾಚಬೇಕು, ಮುಖ್ಯವಾಗಿ ನೈಋತ್ಯದ ಕಡೆಗೆ. ಮುಂಬೈಯ ಮಳೆ ಅಡ್ಡಡ್ಡ ಹೊಡೆಯುತ್ತದೆ.

ಜಾಗ: ಬಾವಿಯಿಂದ ಕನಿಷ್ಠ 15 ಮೀಟರ್ ದೂರ, ಅಡುಗೆಮನೆಯಿಂದ ಕಣ್ಣಿಗೆ ಬೀಳುವಷ್ಟು ಹತ್ತಿರ. ಮೂಲೆಯ ಹಿಂದೆ ಅಡಗಿಸಿದ ಗೂಡನ್ನು ಯಾರೂ ನೋಡಿಕೊಳ್ಳುವುದಿಲ್ಲ. ಮರದ ಬುಡಕ್ಕಾಗಲಿ ಚರ್ಚಿನ ಹಳೆಯ ಗೋಡೆಗಾಗಲಿ ಒರಗಿಸಬೇಡಿ. ಕಟ್ಟಡ ಪಾರಂಪರಿಕ ಪಟ್ಟಿಯಲ್ಲಿದ್ದರೆ ಸಿಮೆಂಟ್ ತರುವ ಮುನ್ನ ಪಾಲಿಕೆಯಲ್ಲಿ ವಿಚಾರಿಸಿ.

ಯಂತ್ರದ ಬಗ್ಗೆ ಒಂದು ಮಾತು. ‘24 ಗಂಟೆಯಲ್ಲಿ ಗೊಬ್ಬರ’ ಎಂದು ಮಾರುವ ಬಿಸಿಗಾಳಿಯ ಯಂತ್ರಗಳಿಂದ ಹೊರಬರುವುದು ಒಣಗಿದ ಪುಡಿ. ನೀರು ತಾಗಿದರೆ ಅದು ಮತ್ತೆ ಕೊಳೆಯಲು ಶುರು, ವಾಸನೆಯೂ ಶುರು. ಅದನ್ನೂ ಎಲೆಯೊಡನೆ ವಾರಗಟ್ಟಲೆ ಹಣ್ಣಾಗಿಸಲೇಬೇಕು. ವಿದ್ಯುತ್ ಬಿಲ್ಲು ಬೇರೆ. ದಿನಕ್ಕೆ 10 ಕೆಜಿಗೆ ಯಂತ್ರ ದಂಡ.

## ಹಂತ 6: ದಿನದ ಕೆಲಸ

1. ಗೂಡಿನ ತಳಕ್ಕೆ ಅರ್ಧ ಅಡಿ ಒಣ ಕಡ್ಡಿ, ಅದರ ಮೇಲೆ ಒಂದು ಚೀಲ ಎಲೆ. ಹೆಪ್ಪಿಗೆ ಹತ್ತಿರದ ತಬೇಲಾದಿಂದ (ದನದ ಕೊಟ್ಟಿಗೆ) ಎರಡು–ಮೂರು ಕೆಜಿ ಸಗಣಿ ತಂದು ನೀರಿನಲ್ಲಿ ಕಲಸಿ ಚಿಮುಕಿಸಿ. ಮುಂದಿನ ಸಲದಿಂದ ಹಳೆಯ ಗೊಬ್ಬರ ಒಂದು ಬುಟ್ಟಿ ಸಾಕು; ಬಾಟಲಿಯ ‘ಕಲ್ಚರ್’ ಕೊಳ್ಳುವ ಅಗತ್ಯವಿಲ್ಲ.

2. ಹಸಿಕಸದ ನೀರು ಬಸಿದು, ದಪ್ಪನೆಯದನ್ನು ಎರಡಿಂಚಿಗೆ ಕತ್ತರಿಸಿ, ಎರಡಿಂಚು ದಪ್ಪ ಹರಡಿ. ಕೂಡಲೇ ಅಷ್ಟೇ ಅಳತೆಯ ಎಲೆ, ಮಳೆಗಾಲದಲ್ಲಿ ಒಂದೂಕಾಲು ಪಟ್ಟು. ಕೆಲಸ ಮುಗಿದಾಗ ಒಂದು ಸಿಪ್ಪೆಯೂ ಮೇಲೆ ಕಾಣಬಾರದು. ಈ ಒಂದು ನಿಯಮ ಪಾಲಿಸಿದರೆ ನೊಣದ ದೂರು ಬರುವುದೇ ಅಪರೂಪ.

3. ವಾರಕ್ಕೊಮ್ಮೆ ಕವಲುಗೋಲಿನಿಂದ ಮೇಲೆ ಕೆಳಗೆ ಮಾಡಿ. ಆಗ ಒಂದು ಹಿಡಿ ತೆಗೆದು ಹಿಂಡಿ: ಒಂದೆರಡು ಹನಿ ಬಂದರೆ ಹದ ಸರಿ, ಧಾರೆಯಾದರೆ ಎಲೆ ಹಾಕಿ, ಕೈ ತೆರೆದಾಗ ಉದುರಿಹೋದರೆ ನೀರು ಚಿಮುಕಿಸಿ.

4. ಗೂಡಿನ ನಡುವೆ ಕಬ್ಬಿಣದ ಸರಳು ಚುಚ್ಚಿ ಐದು ನಿಮಿಷ ಬಿಟ್ಟು ತೆಗೆಯಿರಿ. ಹಿಡಿಯಲಾಗದಷ್ಟು ಸುಟ್ಟರೆ 55 ಡಿಗ್ರಿಯ ಆಸುಪಾಸು. ರೋಗಾಣು, ಕಳೆಬೀಜ ಸಾಯುವ ಬಿಸಿ ಅದು. ದಿನದಿನವೂ ಸ್ವಲ್ಪಸ್ವಲ್ಪ ತುಂಬುವ ಗೂಡು ಅಷ್ಟು ಕಾಯದಿರಬಹುದು. ಹಾಗಿದ್ದರೆ ಹಣ್ಣಾಗುವ ಅವಧಿಯನ್ನು ಒಂದು ತಿಂಗಳು ಹೆಚ್ಚಿಸಿ.

5. ಗೂಡು ತುಂಬಿದಾಗ ಪೂರ್ತಿ ಎತ್ತಿ ಪಕ್ಕದ್ದಕ್ಕೆ ವರ್ಗಾಯಿಸಿ. ಎತ್ತಿಹಾಕುವುದರಲ್ಲೇ ಗಾಳಿಯಾಡಿ ಎರಡನೆಯ ಸಲ ಬಿಸಿಯೇರುತ್ತದೆ.

ಗೂಡಿಗೆ ಹಾಕಬಾರದ್ದು: ಮೀನಿನ ತಲೆ–ಕರುಳು, ಮಾಂಸ, ಎಲುಬು, ಎಣ್ಣೆ ತೇಲುವ ಸಾರು, ಉಪ್ಪಿನಕಾಯಿ, ಮೊಸರು, ಚಹಾದ ಪೇಪರ್ ಕಪ್ (ಒಳಗೆ ಪ್ಲಾಸ್ಟಿಕ್ ಪದರ ಇದೆ), ‘ಕರಗುವ’ ಚೀಲ ಎಂದು ಮಾರುವಂಥವು. ಸೊರ್ಪೊತೆಲ್ (ಹಂದಿಮಾಂಸದ ಅಡುಗೆ) ಮಿಕ್ಕಿದರೆ ಅದೂ ಪಾಲಿಕೆಯ ಹಸಿಕಸದ ಗಾಡಿಗೇ. ಅನ್ನ, ಸಣ್ಣಾ (ಇಡ್ಲಿಯಂಥ ಅಕ್ಕಿಯ ತಿಂಡಿ), ಚಪಾತಿಯಂಥ ಬೇಯಿಸಿದ್ದು ದಿನದ ಹಸಿಕಸದ ಐದರಲ್ಲೊಂದು ಭಾಗ ಮೀರದಿರಲಿ. ಮೀರಿದರೆ ಮುದ್ದೆಗಟ್ಟಿ ಗಾಳಿ ಆಡುವುದಿಲ್ಲ.

## ಹಂತ 7: ಚರ್ಚಿನದೇ ಆದ ಕಸ

ಮನೆಯ ಗೊಬ್ಬರದ ಪುಸ್ತಕಗಳಲ್ಲಿ ಇದು ಸಿಗುವುದಿಲ್ಲ. ಪೀಠದ ಹೂಗುಚ್ಛದ ಬುಡದಲ್ಲಿರುವ ಹಸಿರು ಸ್ಪಂಜು ಪ್ಲಾಸ್ಟಿಕ್ ಜಾತಿಯದು, ಪುಡಿಯಾಗಿ ಗೊಬ್ಬರವನ್ನೆಲ್ಲ ಕೆಡಿಸುತ್ತದೆ. ಮದುವೆಯ ಹೂ ಕಟ್ಟುವವರಿಗೆ ಹಾಲ್ ಬುಕ್ ಮಾಡುವಾಗಲೇ ‘ಸ್ಪಂಜು ಇಲ್ಲ, ತಂತಿಯ ಬದಲು ಬಾಳೆನಾರು’ ಎಂದು ಷರತ್ತಿನಲ್ಲಿ ಬರೆದುಕೊಡಿ. ಶವಸಂಸ್ಕಾರದ ಹೂಚಕ್ರದಲ್ಲಿ ತಂತಿ, ಥರ್ಮಾಕೋಲ್, ರಿಬ್ಬನ್ ಮೂರೂ ಇರುತ್ತವೆ; ಹೂ ಕಿತ್ತು ಹಾಕಲು ಒಂದಕ್ಕೆ ಹತ್ತು ನಿಮಿಷ ಬೇಕು. ನವೆಂಬರ್ 2ರ ಸಕಲ ಮೃತರ ದಿನದ ಮರುದಿನ ಸ್ಮಶಾನಕ್ಕೆ ನಾಲ್ಕು ಜನ ಹೆಚ್ಚು ಬೇಕಾಗುವುದು ಇದಕ್ಕೇ. ಗುಲಾಬಿಯ ಮುಳ್ಳುಕಡ್ಡಿ ಕೈಗವಸನ್ನೂ ತೂರುತ್ತದೆ, ಕತ್ತರಿಯಿಂದಲೇ ಮುಟ್ಟಿ.

ಮೇಣ ಕೊಳೆಯುವುದಿಲ್ಲ. ಬತ್ತಿಯ ತುಂಡುಗಳಿಗೆ ಗವಿಯ ಪಕ್ಕ ಡಬ್ಬ ಇಟ್ಟು, ಮೇಣದವರಿಗೇ ಹಿಂದಕ್ಕೆ ಮಾರಿ. ಬಾಂದ್ರಾದ ಮೌಂಟ್ ಮೇರಿ ಜಾತ್ರೆಯ ವಾರದಲ್ಲಿ ಹರಕೆಯ ಮೇಣದ ಕೈಕಾಲುಗಳು ಹೂವಿನ ಜೊತೆ ಬೆರೆತರೆ ಬೇರ್ಪಡಿಸುವ ಮಾತೇ ಇಲ್ಲ. ಮೊದಲೇ ಎರಡು ಬುಟ್ಟಿ ಇರಬೇಕು.

ಸೆಪ್ಟೆಂಬರ್ 8ರ ಮೊಂತಿ ಫೆಸ್ತಿಗೆ, ಅಂದರೆ ಕನ್ಯಾಮಾತೆಯ ಜನನದ ಹಬ್ಬಕ್ಕೆ, ಒಂಬತ್ತು ದಿನ ಮಕ್ಕಳು ಕನ್ಯಾಮಾತೆಗೆ ಹೂ ಹಾಕುತ್ತಾರೆ. ತುಂಬು ಮಳೆಯ ಹೂ, ನೀರು ತುಂಬಿದ್ದು. ದಿನದ ಹೂವನ್ನು ಸೂರಿನಡಿ ಒಂದು ರಾತ್ರಿ ಹರಡಿ, ಮರುದಿನ ಎರಡು ಪಟ್ಟು ಎಲೆಯೊಡನೆ ಹಾಕಿ. ಮೇಲೆ ಹೇಳಿದ 40 ಚೀಲದಲ್ಲಿ ಐದನ್ನು ಈ ಒಂಬತ್ತು ದಿನಕ್ಕೇ ಮೀಸಲಿಡುವುದು ಜಾಣತನ. ಹೂ ಗೊಬ್ಬರಕ್ಕೆ ಹೋಗುತ್ತದೆ ಎಂದು ಈ ಒಂಬತ್ತು ದಿನದ ನೊವೆನಾ ಪ್ರಾರ್ಥನೆಯ ಮೊದಲ ದಿನವೇ ಪೀಠದಿಂದ ಹೇಳಿಸಿ. ಹೇಳದೆ ಮಾಡಿದರೆ ಅಜ್ಜಿಯರಿಗೆ ನೋವಾಗುತ್ತದೆ. ಆಶೀರ್ವದಿಸಿದ ತೆನೆ, ಗರಿಗಳ ಭಾನುವಾರದ ಗರಿ ಇವನ್ನು ಗೂಡಿಗೆ ಹಾಕಬೇಡಿ. ಪವಿತ್ರವಾದದ್ದನ್ನು ಸುಡುವುದು ಇಲ್ಲವೇ ಹೂಳುವುದು ಪದ್ಧತಿ. ಹಳೆಯ ಗರಿಯಿಂದಲೇ ಬೂದಿ ಬುಧವಾರದ ಬೂದಿ ಆಗಬೇಕು. ಸಂಶಯ ಬಂದರೆ ಫಾದರ್ ಹೇಳಿದಂತೆ.

ಕ್ರಿಸ್‌ಮಸ್ ಗೋದಲಿಗೆ ಥರ್ಮಾಕೋಲ್ ಬೇಡ: ಅಲಂಕಾರದ ಥರ್ಮಾಕೋಲ್ 2022ರ ಜುಲೈ 1ರಿಂದ ದೇಶಕ್ಕೆಲ್ಲ ನಿಷಿದ್ಧ.

## ಹಂತ 8: ಹಬ್ಬದ ಊಟ

ಎಸೆದ ಅನ್ನ ಬಡವರ ಊಟದ ಮೇಜಿನಿಂದ ಕದ್ದಂತೆ ಎನ್ನುತ್ತದೆ ಲೌದಾತೊ ಸಿಯ 50ನೇ ಪರಿಚ್ಛೇದ. ಹಾಗಾಗಿ ಮಿಕ್ಕ ಊಟಕ್ಕೆ ಗೊಬ್ಬರದ ಗೂಡು ಕೊನೆಯ ಜಾಗ. ಕೂಪನ್ ಮಾರಾಟವನ್ನು ಎರಡು ದಿನ ಮೊದಲೇ ಮುಚ್ಚಿ, ಎಣಿಕೆ ಅಡುಗೆಯವರಿಗೆ ಕೊಡಿ. ಬಡಿಸದೆ ಪಾತ್ರೆಯಲ್ಲಿ ಉಳಿದದ್ದನ್ನು ಎರಡು ತಾಸಿನೊಳಗೆ ತಲುಪಿಸುವ ಏರ್ಪಾಡು ಮೊದಲೇ ಆಗಿರಬೇಕು. ಮುಂಬೈಯ ಸೆಖೆಯಲ್ಲಿ ಅದಕ್ಕಿಂತ ಹೆಚ್ಚು ಹೊರಗಿದ್ದ ಮಾಂಸದಡುಗೆಯನ್ನು ಯಾರಿಗೂ ಕೊಡಬೇಡಿ, ದಾನವೂ ಅಲ್ಲ ಅದು.

ಬಾಡಿಗೆಯ ಸ್ಟೀಲ್ ತಟ್ಟೆ ಎಲ್ಲಕ್ಕಿಂತ ಮೇಲು. ಊರಿಂದ ಅಡಿಕೆ ಹಾಳೆಯ ತಟ್ಟೆ ತರಿಸುವ ಆಸೆ ಮಂಗಳೂರು ಕಡೆಯವರಿಗೆ ಇದ್ದೇ ಇರುತ್ತದೆ. ತರಿಸಿ, ಆದರೆ 300 ತಟ್ಟೆಯನ್ನು ಒಟ್ಟಿಗೆ ಗೂಡಿಗೆ ತುಂಬಬೇಡಿ. ನೆನೆಸಿ ಅಂಗೈಯಗಲ ಹರಿದು ವಾರಕ್ಕೆ ಮೂವತ್ತು–ನಲವತ್ತರಂತೆ ಹಾಕಿದರೂ ಕರಗಲು ಎರಡು ತಿಂಗಳ ಮೇಲಾಗುತ್ತದೆ.

## ಹಂತ 9: ಕೆಟ್ಟಾಗ ಗುರುತಿಸುವುದು

ಮೂತ್ರದ ಘಾಟು ಬಂದರೆ ಸಾರಜನಕ ಅಮೋನಿಯಾ ಆಗಿ ಹೋಗುತ್ತಿದೆ: ಎರಡು ಬುಟ್ಟಿ ಎಲೆ ಬೆರೆಸಿ ತಿರುವಿ, ಸಂಜೆಗೆ ಇಳಿಯುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಒಳಗೆ ನೀರು ನಿಂತು ಗಾಳಿ ಸತ್ತಿದೆ. ಇದು ಹೆಚ್ಚು ಕೆಟ್ಟದ್ದು. ರಾಶಿಯನ್ನು ಪೂರ್ತಿ ಹೊರತೆಗೆದು, ತಳಕ್ಕೆ ಹೊಸ ಕಡ್ಡಿ ಹಾಸಿ, ಪದರಪದರವಾಗಿ ಎಲೆಯೊಡನೆ ಮರಳಿ ತುಂಬಿ. ಸೂರು ಎಲ್ಲಿ ಸೋರುತ್ತಿದೆ ಎಂದು ಆಗಲೇ ನೋಡಿ, ಇಲ್ಲದಿದ್ದರೆ ಮರುವಾರ ಇದೇ ಕೆಲಸ.

ಹುಳ ಕಂಡಾಗ ಗಾಬರಿ ಬೇಡ, ಯಾವ ಹುಳ ಎಂದು ನೋಡಿ. ಚಪ್ಪಟೆಯಾಗಿ, ಗಟ್ಟಿಯಾಗಿ, ಬೂದುಗಂದು ಬಣ್ಣದ್ದಾದರೆ ಅದು ಕಪ್ಪು ಸೈನಿಕ ನೊಣದ ಮರಿ; ಕಸ ತಿನ್ನುತ್ತದೆ, ಮನೆಯೊಳಗೆ ಬರುವುದಿಲ್ಲ. ಬಿಳಿ, ಮೆತ್ತಗಿನ, ಸಣ್ಣ ಹುಳ ಮನೆನೊಣದ್ದು: ಹಸಿಕಸ ಮುಚ್ಚದೆ ಬಿಟ್ಟಿದ್ದಾರೆ ಅಥವಾ ಯಾರೋ ಮೀನು ಹಾಕಿದ್ದಾರೆ ಎಂದರ್ಥ. ನಾಲ್ಕಿಂಚು ಎಲೆ ಹೊದಿಸಿ, ಮೂರು ದಿನ ಹೊಸ ಕಸ ನಿಲ್ಲಿಸಿ.

ಇರುವೆ ಹತ್ತಿದರೆ ಒಣಗಿದೆ, ನೀರು ಕೊಡಿ. ಇಲಿ ಬಿಲ ಕಂಡರೆ ಅಂದೇ ಜಾಲ ಪರೀಕ್ಷಿಸಿ. ವಿಷ ಇಟ್ಟರೆ ಸತ್ತ ಇಲಿ ಗೂಡಿನೊಳಗೇ ಸಿಗುತ್ತದೆ.

ದೂರು ಬಂದ ದಿನ ಯಾರೋ ಒಬ್ಬರು ಫಿನಾಯಿಲ್ ಸುರಿಯುತ್ತಾರೆ, ಇದು ಹೆಚ್ಚುಕಡಿಮೆ ಖಚಿತ. ಫಿನಾಯಿಲ್, ಬ್ಲೀಚಿಂಗ್ ಪೌಡರ್ ಎರಡೂ ಗೊಬ್ಬರ ಮಾಡುವ ಜೀವಿಗಳನ್ನೇ ಕೊಲ್ಲುತ್ತವೆ, ಮೂರನೆಯ ದಿನ ವಾಸನೆ ಇಮ್ಮಡಿ. ಗೂಡಿನ ಮೇಲೆ ‘ಫಿನಾಯಿಲ್ ಹಾಕಬಾರದು’ ಎಂದು ಕನ್ನಡ, ಹಿಂದಿ, ಮರಾಠಿಯಲ್ಲಿ ಬರೆದು, ಬಾಟಲಿಯ ಚಿತ್ರದ ಮೇಲೆ ಅಡ್ಡಗೆರೆ ಎಳೆದು ಹಚ್ಚಿ. ದೂರು ಕೊಟ್ಟವರನ್ನು ಕರೆದು ದಿನಚರಿ ಪುಸ್ತಕ ತೋರಿಸಿ: ತಾರೀಖು, ಹಸಿ ಕೆಜಿ, ಎಲೆಯ ಬಕೆಟ್, ತಿರುವಿದೆಯೇ, ವಾಸನೆ ಇದೆಯೇ. ಐದೇ ಕಾಲಮ್. ಬರೆದ ಪುಸ್ತಕ ಇದ್ದ ಕಡೆ ಪಾಲಿಕೆಯವರ ಎದುರೂ ಮಾತು ನಿಲ್ಲುತ್ತದೆ.

## ಹಂತ 10: ಹಣ್ಣಾದ ಗೊಬ್ಬರ

ಮೂರನೆಯ ಗೂಡಿನಲ್ಲಿ ಕನಿಷ್ಠ ನಾಲ್ಕು ವಾರ ಕೂತ ಮೇಲೆ ಒಂದು ಹಿಡಿ ಒದ್ದೆ ಗೊಬ್ಬರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ವಾರ ಬಿಡಿ. ಬಿಚ್ಚಿದಾಗ ಮಣ್ಣಿನ ವಾಸನೆ ಬಂದರೆ ಸಿದ್ಧ. ಹುಳಿ ವಾಸನೆ ಬಂದರೆ ಇನ್ನೂ ಎರಡು ವಾರ. ಅನುಮಾನವಿದ್ದರೆ ಹತ್ತು ಮೆಂತ್ಯಕಾಳು ಬಿತ್ತಿ, ಎಂಟು ಮೊಳೆಯಬೇಕು. ಅರ್ಧ ಇಂಚಿನ ಜರಡಿಯಲ್ಲಿ ಉಳಿದ ದಪ್ಪನೆಯದು ಮೊದಲ ಗೂಡಿಗೆ ವಾಪಸ್. ಜರಡಿ ಹಿಡಿಯುವ ದಿನ ಮಾಸ್ಕ್ ಕಡ್ಡಾಯ, ಒಣ ಗೊಬ್ಬರದ ಧೂಳಿನಲ್ಲಿ ಬೂಷ್ಟಿನ ಕಣಗಳಿರುತ್ತವೆ.

ಹಾಕಿದ ಹಸಿಕಸದ ತೂಕದ ಐದರಲ್ಲೊಂದರಿಂದ ನಾಲ್ಕರಲ್ಲೊಂದು ಭಾಗ ಗೊಬ್ಬರ ಸಿಗುವ ಅಂದಾಜು. ಕುಂಡಕ್ಕೆ ಒಂದು ಪಾಲು ಗೊಬ್ಬರ, ಮೂರು ಪಾಲು ಮಣ್ಣು. ಮೊದಲ ಚೀಲ ಗೂಡು ನೋಡಿಕೊಂಡವರ ಮನೆಗೆ ಹೋಗಲಿ. ಮಾರಿದರೆ ಬಂದ ಹಣದಲ್ಲಿ ಅವರ ಪಾಲು ಎಷ್ಟೆಂದು ಹಂತ 3ರ ಠರಾವಿನಲ್ಲೇ ಇರಬೇಕು.

ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರವರೆಗೆ ಚರ್ಚುಗಳು ಪರಿಸರಕ್ಕಾಗಿ ಪ್ರಾರ್ಥಿಸುವ ಸೃಷ್ಟಿಯ ಋತುವಿಗೆ ಕಾರ್ಯಕ್ರಮ ಬೇಕೇ ಬೇಕು ಎಂದು ಕೇಳುತ್ತಾರೆ. ಮೊದಲ ವರ್ಷ ಆ ಹೊತ್ತಿಗೆ ಜರಡಿ ಹಿಡಿದ ಗೊಬ್ಬರ ಇರುತ್ತದೆ, ಅದನ್ನೇ ಹಂಚಿ. 2021ರಲ್ಲಿ ವ್ಯಾಟಿಕನ್ ಆರಂಭಿಸಿದ ಲೌದಾತೊ ಸಿ ಕಾರ್ಯವೇದಿಕೆಗೆ ಹೆಸರು ಕೊಡುವುದಾದರೆ ಹನ್ನೆರಡು ತಿಂಗಳ ದಿನಚರಿ ಕೈಯಲ್ಲಿಟ್ಟುಕೊಂಡು ಕೊಡಿ. ಎರಡನೆಯ ವರ್ಷಕ್ಕೆ ಮನೆಗಳ ಹಸಿಕಸ ಸೇರಿಸುವುದಿದ್ದರೆ ಒಂದು ಸಲಕ್ಕೆ ಒಂದೇ ಕಿರು ಸಮುದಾಯ, ಅದೂ ಆ ಸಮುದಾಯ ತನ್ನ ಪಾಲಿನ ಎಲೆಯ ಚೀಲಗಳನ್ನು ಮೇ 31ರೊಳಗೆ ತಂದು ಒಪ್ಪಿಸಿದ್ದರೆ ಮಾತ್ರ.